ಎರಡನೆಯ ಚರಣದ ಗದ್ಗದ

ಅಳು ಬರಲಿಲ್ಲ. ಫಿಡೆನ್ಸಿಯೊ ಹುಬ್ಬು ಗಂಟಿಕ್ಕಿದರು.

ಕುಬಾವೊ ಬಡಾವಣೆಯ ಆ ಪುಟ್ಟ ಪಾನಗೃಹದ ವೇದಿಕೆಯಲ್ಲಿ ಮಿಂದಾ ಎಂಬ ಐವತ್ತು ದಾಟಿದ ಹೆಂಗಸು, ಗಾಯಕಿ ಕ್ರಿಸಾಂತಾಳ ಹೆಸರಾಂತ ಹಳೆಯ ಹಾಡೊಂದನ್ನು ಆಗತಾನೇ ಮುಗಿಸಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಜನಕ್ಕೇನು ಗೊತ್ತು? ಮನಿಲಾದಲ್ಲಿ ಪರರ ಹಾಡು ಹಾಡುವವರಿಗೆ ಇರುವುದು ಒಂದೇ ಧರ್ಮ: ಧ್ವನಿಮುದ್ರಿಕೆಯಲ್ಲಿ ಇದ್ದದ್ದು ಇದ್ದಂತೆಯೇ ಕೇಳಿಸಬೇಕು, ಉಸಿರು ಕೂಡ ಆಚೀಚೆ ಆಗಬಾರದು. ಮಿಂದಾಳ ಉಸಿರು ಆಚೀಚೆ ಆಗಿರಲಿಲ್ಲ. ಆದರೆ ಎರಡನೆಯ ಚರಣದಲ್ಲಿ ಕಂಠ ಒಡೆದು ಕ್ಷಣಕಾಲ ನಿಲ್ಲುವ ಆ ಗದ್ಗದವನ್ನು ಅವಳು ಕೈಬಿಟ್ಟಿದ್ದಳು.

ಆ ಗದ್ಗದದ ಮೇಲೆಯೇ ಫಿಡೆನ್ಸಿಯೊ ತರುಣ ವಿಮರ್ಶಕರಾಗಿದ್ದಾಗ ಅರ್ಧ ಪುಟ ಬರೆದಿದ್ದರು. ಅದು ಅಭ್ಯಾಸದಿಂದ ಬರುವಂಥದ್ದಲ್ಲ, ಒಡೆದ ಹೃದಯದ ಸತ್ಯ ಎಂದು ಸಾರಿದ್ದರು. ಅವರಿಗೆ ಅಂಕಣ ದೊರೆತದ್ದೇ ಆ ಬರಹದಿಂದ. ಅಂದಿನಿಂದ ದೇಶದ ಗಾಯಕಿಯರೆಲ್ಲ ಆ ಜಾಗದಲ್ಲಿ ತಪ್ಪದೆ ಅತ್ತರು. ಕ್ರಿಸಾಂತಾ ಮಾತ್ರ ಒಮ್ಮೆಯೂ ಸಭೆಯೆದುರು ಹಾಡಲಿಲ್ಲ. ಆ ವಿನಯವನ್ನೂ ಫಿಡೆನ್ಸಿಯೊ ಕೊಂಡಾಡಿದ್ದರು.

ಕಲೆಯಲ್ಲಿ ಅಪ್ರಾಮಾಣಿಕತೆಯನ್ನು ಅವರು ಸಹಿಸುತ್ತಿರಲಿಲ್ಲ. ಯಾರೂ ಸಹಿಸಬಾರದು.

ವಿರಾಮದಲ್ಲಿ ಮಾಲೀಕ ಡೆಲ್ಫಿನ್ ಮಿಂದಾಳನ್ನು ಅವರ ಮೇಜಿಗೆ ಕರೆತಂದ. ಭಾನುವಾರದ ಅಂಕಣ ಮೆಚ್ಚಿದರೆ ವರ್ಷವಿಡೀ ವೇದಿಕೆ ಅವಳದು, ತೆಗಳಿದರೆ ಬೇರೆಯವರನ್ನು ಹುಡುಕುವೆನೆಂದು ಅವನು ಮೊದಲೇ ಹೇಳಿದ್ದ. ಈಗ ಸಮಾಧಾನಕ್ಕೆಂಬಂತೆ, ಉಪ್ಪುಸೀಗಡಿಯ ಗೊಜ್ಜು ಸವರಿದ ಹಸಿ ಮಾವಿನಕಾಯಿಯ ತಟ್ಟೆಯನ್ನು ಅವಳತ್ತ ಸರಿಸಿದ.

"ಹಾಡೋ ದಿನ ಬೇಡಣ್ಣ," ಎಂದಳು ಮಿಂದಾ. "ಒಂದ್ಸಲ ತಿಂದು ಬುದ್ಧಿ ಬಂದಿದೆ."

ಫಿಡೆನ್ಸಿಯೊ ಪಾಠ ಆರಂಭಿಸಿದರು. ಮೂಲ ಗಾಯಕಿಯ ನೋವನ್ನು ಕತ್ತರಿಸಿ ಎಸೆಯುವ ಅಧಿಕಾರ ನಕಲು ಮಾಡುವವರಿಗಿಲ್ಲವೆಂದರು. ಇದನ್ನು ಬರೆಯದೆ ಬಿಟ್ಟರೆ ತಾವು ಓದುಗರಿಗೆ ದ್ರೋಹ ಬಗೆದಂತೆ ಎಂದೂ ಹೇಳಿದರು. ಮಿಂದಾ ತಲೆತಗ್ಗಿಸಿ ಕೇಳಿಸಿಕೊಂಡಳು. ಅವಳು ನಗು ತಡೆಯುತ್ತಿರುವಳೇನೋ ಎಂದು ಡೆಲ್ಫಿನ್‌ಗೆ ಅನುಮಾನವಾಯಿತು.

"ಕೊನೇಲಿ ಅದನ್ನೇ ಇನ್ನೊಂದ್ಸಲ ಹಾಡಮ್ಮ," ಎಂದರು ಫಿಡೆನ್ಸಿಯೊ. "ಅಳು ಬಂದ್ರೆ ಒಳ್ಳೇದೇ ಬರೀತೀನಿ. ಆಗ ಕ್ರಿಸಾಂತಾ ಮನಸ್ಸಲ್ಲಿ ಏನಿತ್ತು ಅಂತ ಸ್ವಲ್ಪ ಯೋಚನೆ ಮಾಡು."

"ಅವರ ಮನಸ್ಸು ನಂಗೇನ್ ಗೊತ್ತು ಸಾರ್. ಅದು ಬೇಕೇ ಬೇಕಾ?"

"ಬೇಕೇ ಬೇಕು. ಅಲ್ಲಿರೋದು ಅದೊಂದೇ ಸತ್ಯ."

ಮಿಂದಾ ನಿಟ್ಟುಸಿರು ಬಿಟ್ಟು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಗೊಜ್ಜು ದಪ್ಪಗಿದ್ದ ಹೋಳನ್ನೇ ಆರಿಸಿ ಬಾಯಿಗಿಟ್ಟಳು. ಬೇಡವೆಂದವಳು ಈಗೇಕೆ ತಿನ್ನುತ್ತಿರುವೆ ಎಂದು ಡೆಲ್ಫಿನ್ ಕೇಳಿದ. ಅವಳು ಹುಳಿಗೆ ಮುಖ ಕಿವುಚಿ, ವಿಮರ್ಶಕರತ್ತ ತಿರುಗಿದಳು.

"ಅವತ್ತು ರೆಕಾರ್ಡಿಂಗ್ ಸ್ಟುಡಿಯೋದಲ್ಲೂ ಇದನ್ನೇ ತಿಂದು ಹಾಡಿದ್ದೆ ಸಾರ್, ಎರಡನೇ ಚರಣಕ್ಕೆ ಗಂಟಲು ಹಿಡ್ಕೊಂಡ್ಬಿಡ್ತು; ತಟ್ಟೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೋರು ಕ್ರಿಸಾಂತಾ."