ಪಾಪಾಸುಕಳ್ಳಿ ಹಣ್ಣು

ಪಾಪಾಸುಕಳ್ಳಿ ಹಣ್ಣು ಕಂಡರೆ ಇವತ್ತಿಗೂ ನನ್ನ ನಾಲಿಗೆ ತಾನಾಗಿ ಒಳಸರಿಯುತ್ತದೆ.

ಅಕ್ಕ ಮೈನೆರೆದ ದಿನವೇ ಅಜ್ಜಿ ಅವಳ ಶಾಲೆ ಬಿಡಿಸಿದ್ದಳು. ನಾನು ಏಳನೇ ತರಗತಿಯಲ್ಲಿದ್ದಾಗ, ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ನನ್ನ ಲಂಗದ ಮೇಲೆ ಕೆಂಪು ಕಲೆ ಕಂಡು ಅವ್ವ ಬಿಳಿಚಿಕೊಂಡಳು. ಹಿತ್ತಲ ಬೇಲಿಯ ಕಳ್ಳಿಯಿಂದ ಬರಿಗೈಲೇ ಹಣ್ಣು ಕಿತ್ತು, ಮಣ್ಣಿಗೆ ಉಜ್ಜಿ, ಒಡೆದು ನನ್ನ ಬಾಯಿಗೆ ತುರುಕಿದಳು.

"ಲಗೂನ ಅಗಿ. ಅಳಬ್ಯಾಡ."

ಉಳಿದ ಕೆಂಪು ರಸವನ್ನು ಲಂಗದ ತುಂಬ ಹಿಂಡಿದಳು.

ಮುಂದಿನ ಅಂಗಳಕ್ಕೆ ಬಂದಾಗ ಕಟ್ಟೆಯ ಮೇಲಿದ್ದ ಅಜ್ಜಿ ಕಣ್ಣು ಕಿರಿದು ಮಾಡಿದಳು. "ಏನದು ಕೆಂಪಗ? ನಾಲಿಗಿ ತಗಿ ನೋಡೋಣು."

ನಾಲಿಗೆ ಚಾಚಿದೆ.

"ಕಳ್ಳಿಹಣ್ಣು ತಿಂದಾಳ ನೋಡು!" ಅಜ್ಜಿ ನಕ್ಕಳು. "ಲಂಗಾ ಬದ್ಲಿಸಿ ಸಾಲಿಗಿ ನಡಿ."

ಅವ್ವ ಬೈಯುತ್ತ ನನ್ನ ಬೆನ್ನಿಗೊಂದು ಗುದ್ದಿದಳು. ಮುಳ್ಳು ತುಂಬಿದ ಇನ್ನೊಂದು ಕೈ ಅವಳ ಸೆರಗಿನೊಳಗಿತ್ತು.