ವನಗೂರಿನಿಂದ ಹಿಂದಕ್ಕೆ

ನವೀನ್‌ಕುಮಾರ್ ಚಾಚಿದ ನೀರಿನ ಬಾಟಲಿಯನ್ನು ಮೃತ್ಯುಂಜಯರು ಮೂರನೆಯ ಬಾರಿ ತಳ್ಳಿದರು. ಹೆತ್ತೂರಿನ ಏರು ಇನ್ನೂ ಮುಗಿದಿರಲಿಲ್ಲ. ಅರವತ್ತೊಂದರ ಕಾಲುಗಳು ಪೆಡಲಿನ ಮೇಲೆ ನಡುಗುತ್ತಿದ್ದವು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

“ಒಂದು ಗುಟುಕು ಕುಡೀರಿ ಮೇಷ್ಟ್ರೇ. ಇಲ್ಲಿ ಯಾರು ನೋಡ್ತಾರೆ?”

“ನೋಡುವವನು ನೋಡುತ್ತಿದ್ದಾನೆ. ಲಿಂಗ ಕೊರಳು ಸೇರುವ ತನಕ ಹನಿ ನೀರಿಲ್ಲ.”

ನವೀನ್ ಒಂದು ಕಾಲದ ಶಿಷ್ಯ. ಈಗ ಆಲೂರಿನಲ್ಲಿ ಸೈಕಲ್ ಅಂಗಡಿ ಇಟ್ಟವನು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಗುರುಗಳಿಗೆ ಘಟ್ಟದ ಸೀಮೆಯನ್ನು ಏಳು ದಿನ ಸೈಕಲ್ಲಿನಲ್ಲೇ ಸುತ್ತುವ ಆಸೆ ಹಚ್ಚಿದವನೂ ಅವನೇ. ಕುಂದೂರಿನಿಂದ ಹೊರಟು ಮೊದಲ ರಾತ್ರಿ ಬೆಳಗೋಡಿನಲ್ಲಿ ತಂಗಿದ್ದರು. ಎರಡನೆಯ ರಾತ್ರಿ ವನಗೂರಿನಲ್ಲಿ. ಈ ಬೆಳಗ್ಗೆ ಸ್ನಾನ ಮುಗಿಸಿ, ಮಡಿಬಟ್ಟೆಗೆಂದು ಚೀಲದ ತಳಕ್ಕೆ ಕೈಯಿಟ್ಟ ಪಂಡಿತರ ಮುಖದಲ್ಲಿ ರಕ್ತವೇ ಇಂಗಿಹೋಯಿತು.

“ಲಿಂಗ…” ಎಂದರು. “ಬೆಳಗೋಡಿಗೆ. ಈಗಲೇ.”

ಇಷ್ಟಲಿಂಗ ಅಂಗದಿಂದ ಅಗಲಿದರೆ ಅದು ಮರಳುವವರೆಗೆ ಅನ್ನ ನೀರು ಮುಟ್ಟಬಾರದು. ನೇಮ ಪ್ರಾಚೀನ, ಇಂದು ಪಾಲಿಸುವವರು ವಿರಳ. ಬೆಳಗೋಡಿನಲ್ಲಿ ಆತಿಥ್ಯ ನೀಡಿದ ಎಂಬತ್ತರ ಏಕಾಂತಯ್ಯನವರು ಆ ವಿಚಾರವಾಗಿಯೇ ಪಂಡಿತರನ್ನು ಕೆಣಕಿದ್ದರು. ಕೈ ನಡುಗುವ ಆ ಹಿರಿಯರ ಶಿವದಾರ ಜೀರ್ಣವಾಗಿತ್ತು. ಹೊರಡುವ ಮುಂಜಾನೆ ಮೃತ್ಯುಂಜಯರೇ ಅವರೊಡನೆ ಕುಳಿತು, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ವಿಭೂತಿಯಿಂದ ಉಜ್ಜಿ ಹೊಸ ದಾರ ಪೋಣಿಸಿಕೊಡುತ್ತಿದ್ದರು.

“ಶಾಸ್ತ್ರ ನಿಮ್ಮ ಬಾಯಲ್ಲೈತೆ ಪಂಡಿತ್ರೇ, ನಿಷ್ಠೆ ಗಂಟಲಲ್ಲಿರಬೇಕು,” ಎಂದು ಮುದುಕರು ನಕ್ಕಿದ್ದರು. “ಹೊಳೇಲಿ ನನ್ನ ಲಿಂಗ ಜಾರಿಹೋದಾಗ ಮೂರು ದಿನ ಉಗುಳೂ ನುಂಗಲಿಲ್ಲ ನಾನು. ನಿಮ್ಮ ಕೈಲಾಯ್ತದಾ?”

“ಅದು ಮೂವತ್ತು ವರ್ಷದ ಹಿಂದಿನ ಮಾತು. ಈಗ ಪೌರುಷ ಬುಟ್ಟು ಮಾತ್ರೆ ನುಂಗಿ ಮಾವ,” ಎಂದು ಸೊಸೆ ಶ್ವೇತಾ ಗದರಿದ್ದಳು. ಅಂಗಳದಲ್ಲಿ ನವೀನ್ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದ: “ಬಿಸಿಲೇರಿದ್ರೆ ಏರು ಹತ್ತಕ್ಕಾಗಲ್ಲ ಮೇಷ್ಟ್ರೇ, ಬೇಗ!” ಪಂಡಿತರು ಹರವಿದ್ದನ್ನೆಲ್ಲ ಅವಸರದಲ್ಲಿ ಸುತ್ತಿಕೊಂಡು ಎದ್ದಿದ್ದರು.

ಆ ಅವಸರ ಈಗ ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು.

ಹೆತ್ತೂರು ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಆಚೆ ಈಚೆ ಜೀಪುಗಳು ಸಾಲುಗಟ್ಟಿದ್ದವು. ಜೀಪಿನ ಚಾಲಕ ಸಿದ್ದಯ್ಯ ಸೈಕಲ್ಲುಗಳನ್ನು ಎತ್ತಿ ದಾಟಿಸಿದ. ಚೀಲಕ್ಕೂ ಕೈ ಚಾಚಿದಾಗ ಪಂಡಿತರು ಅದನ್ನು ಎದೆಗವಚಿಕೊಂಡು ತಾವೇ ಮರ ಹತ್ತಿ ಇಳಿದರು.

“ಚಿನ್ನ ಗಿನ್ನ ಐತಾ ಸ್ವಾಮಿ? ನಾನೇನು ಓಡೋಗಲ್ಲ,” ಎಂದ ಸಿದ್ದಯ್ಯ. ಆಮೇಲೆ ಮುಖ ನೋಡಿ ನಗೆ ನಿಲ್ಲಿಸಿದ. “ತುಟಿ ಬಿರಿದೈತೆ. ಫ್ಲಾಸ್ಕಲ್ಲಿ ಕಾಫಿ ಐತೆ, ಒಂದು ಲೋಟ…”

ಅವರು ಕೈಮುಗಿದು ಸೈಕಲ್ ಹತ್ತಿದರು.

ನವೀನ್ ದಾರಿಯುದ್ದಕ್ಕೂ ರಸ್ತೆಯಂಚಿನ ಹುಲ್ಲನ್ನು ನೋಡುತ್ತ ಬಂದ. ಒಂದು ತಿರುವಿನಲ್ಲಿ ಇಳಿದು ಕೆದಕಲೂ ತೊಡಗಿದ. “ಅಲ್ಲೇನು ಹುಡುಕುತ್ತೀಯೆ? ನಡೆ!” ಎಂದು ಪಂಡಿತರು ಅರಚಿದರು. ಶಿಷ್ಯನ ಮೇಲೆ ಅವರು ಧ್ವನಿಯೇರಿಸಿದ್ದು ಅದೇ ಮೊದಲು.

“ಅಲ್ಲ ಮೇಷ್ಟ್ರೇ, ನಿನ್ನೆ ಸಂಜೆ ವನಗೂರಲ್ಲಿ ಪೂಜೆ ಮಾಡಿದಂಗಿತ್ತಲ್ಲ ನೀವು?”

ಪಂಡಿತರು ಪೆಡಲ್ ತುಳಿದು ಮುಂದೆ ಸಾಗಿದರು. ದಣಿದು ಪೂಜೆ ಬಿಟ್ಟದ್ದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡ ನವೀನ್ ಮತ್ತೆ ಕೇಳಲಿಲ್ಲ.

ಸಕಲೇಶಪುರ ಸಮೀಪಿಸಿದಾಗ ನಿನ್ನೆಯಿಂದ ಸಿಗ್ನಲ್ ಇಲ್ಲದೆ ಸತ್ತಿದ್ದ ಫೋನಿಗೆ ಜೀವ ಬಂತು. ನವೀನ್ ಏಕಾಂತಯ್ಯನವರ ಮನೆಗೆ ಕರೆ ಮಾಡಿಕೊಟ್ಟ. ಪಂಡಿತರು ಆಲಿಸಿದರು. “ಬರುತ್ತಿದ್ದೇನೆ ತಾಯಿ,” ಎಂದಷ್ಟೇ ಅಂದು ಫೋನ್ ಮರಳಿಸಿದರು.

“ಸಿಕ್ತಂತಾ?”

“ಮನೆಯೆಲ್ಲ ಜಾಲಾಡಿದರಂತೆ. ಅಲ್ಲಿಲ್ಲ.”

“ಅಲ್ಲಿಲ್ಲ ಅಂದ್ಮೇಲೆ ಅಲ್ಲಿಗ್ಯಾಕೆ ಹೋಗ್ತಿದೀವಿ ಮಾರಾಯ್ರೇ?”

ಆ ಮಾತು ಮುಗಿಯುವಷ್ಟರಲ್ಲಿ ಗುರುಗಳು ಹೇಮಾವತಿಯ ಸೇತುವೆಯ ಮೇಲಿದ್ದರು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಅವರು ಅದರತ್ತ ಕಣ್ಣೂ ಹೊರಳಿಸಲಿಲ್ಲ. ಕಿವಿಯಲ್ಲಿ ಭೋರ್ಗರೆತ, ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ಪಂಚಾಕ್ಷರಿಯ ಒಂದೊಂದು ಅಕ್ಷರಕ್ಕೆ ಒಂದೊಂದು ತುಳಿತ. ಬೆಳಗೋಡಿಗೆ ಮೂರು ಕಿಲೋಮೀಟರ್ ಇರುವಾಗ ಸೈಕಲ್ ಸಮೇತ ಕಾಫಿ ತೋಟದ ಬೇಲಿಗೆ ಉರುಳಿದರು. ಮೊಣಕೈ ಹರಿದು ರಕ್ತ ಸುರಿಯಿತು. ನವೀನ್ ಅಳುತ್ತಲೇ ಎತ್ತಿದ.

“ಸತ್ತೋಗ್ತೀರಿ ಕಣ್ರೀ!”

“ಹಾಗಾಗಬಾರದು. ತಳ್ಳು,” ಎಂದರು.

ಮನೆಯ ಮುಂದೆ ನೆರೆಹೊರೆಯವರು ನಿಂತಿದ್ದರು. ಎಲ್ಲರೂ ಸರಿದು ದಾರಿ ಬಿಟ್ಟರು. ನವೀನ್ ನೇರವಾಗಿ ಪೂಜೆಯ ಕೋಣೆಗೆ ನುಗ್ಗಿ ಗೂಡಿನಲ್ಲಿ ತಡಕಾಡತೊಡಗಿದ. “ಎಲ್ಲಿ ಕೂತಿದ್ರಿ, ನೆನಪು ಮಾಡ್ಕಳಿ ಮೇಷ್ಟ್ರೇ!” ಮೃತ್ಯುಂಜಯರು ಆ ಕಡೆಗೆ ಹೋಗಲಿಲ್ಲ. ನಡುಮನೆಯ ಮಂಚದ ಬಳಿ ಕುಸಿದು ಕುಳಿತು ಚೀಲ ಬಿಚ್ಚಿದರು. ಮಡಿಬಟ್ಟೆಯ ಸುರುಳಿ ತೆಗೆದು, ಅದರೊಳಗಿನದನ್ನು ಮಂಚದಿಂದ ಇಳಿಬಿದ್ದಿದ್ದ ಒಣ ಅಂಗೈಯಲ್ಲಿ ಇಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳುಗಳು ಮೆಲ್ಲನೆ ಮಡಿಚಿಕೊಂಡವು. ಶ್ವೇತಾ ಚಮಚದಲ್ಲಿ ನೀರು ಹಿಡಿದಳು. ನಿನ್ನೆ ಮಧ್ಯಾಹ್ನದಿಂದ ಬಿಗಿದಿದ್ದ ಏಕಾಂತಯ್ಯನವರ ತುಟಿಗಳು ನೀರಿಗೆ ತೆರೆದವು.

“ಹುಡುಕಬೇಡ ನವೀನ, ನನ್ನ ಲಿಂಗ ನನ್ನೆದೆಯ ಮೇಲೇ ಇದೆ, ನಿನ್ನೆ ಬರಿಯ ಕರಡಿಗೆಯನ್ನು ಇವರ ಕೊರಳಿಗೆ ಹಾಕಿ, ಇವರ ಲಿಂಗವನ್ನು ನಾನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ.”