ಐದು ಸಾವಿರದ ಆಟ

“ಐದು ಸಾವಿರ. ಒಂದು ರೂಪಾಯಿ ಕಡಿಮಿ ಆದ್ರೂ ಸಹಿ ಹಾಕೂದಿಲ್ಲ,” ಎಂದರು ವೈಜನಾಥ.

ಉಪೇಂದ್ರ ಲೆಕ್ಕದ ಹಾಳೆಯನ್ನು ಮತ್ತೆ ಅವರ ಮುಂದೆ ಸರಿಸಿದ. ಹಿಮಾಯತ್‌ನಗರದಿಂದ ಲಿಂಗಂಪಲ್ಲಿಯ ಈ ಮನೆಗೆ ಅವನು ಬರುತ್ತಿರುವುದು ಇದು ಮೂರನೆಯ ಸಲ. ತಂದಿಟ್ಟ ಮಾದರಿ ಪೆಟ್ಟಿಗೆಯನ್ನು ಮುದುಕ ಇದುವರೆಗೂ ಮುಟ್ಟಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ, ನಕ್ಷೆ ಬರೆಯುವ ನೌಕರಿಯಲ್ಲಿದ್ದಾಗ, ವೈಜನಾಥ ರೂಪಿಸಿದ ಯುದ್ಧದಾಟ ‘ಬೆಟ್ಟದ ಕೋಟೆ’. ಮಡಚುವ ನಕ್ಷೆ, ಇನ್ನೂರು ರಟ್ಟಿನ ಸೈನಿಕರು, ಎರಡು ದಾಳ. ಕೆಳಗಿನಿಂದ ಹತ್ತಿ ಕೋಟೆ ಹಿಡಿಯಬೇಕು. ಅದನ್ನು ಆಡಿ ಬೆಳೆದವರು ಈಗ ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಹಳೆಯ ಪೆಟ್ಟಿಗೆ ಎಲ್ಲಾದರೂ ಸಿಗುತ್ತದೆಯೇ ಎಂದು ಇಂಟರ್ನೆಟ್ಟಿನಲ್ಲಿ ವಿಚಾರಿಸುತ್ತಿದ್ದರು. ಉಪೇಂದ್ರ ಕೆಲಸ ಬಿಟ್ಟು, ಹಳೆಯ ಮುದ್ರಕರಿಂದ ಹಕ್ಕು ಕೊಂಡಿದ್ದ. ಆದರೆ ಹಳೆಯ ಕರಾರಿನಂತೆ ಪೆಟ್ಟಿಗೆ ಮಾರುವ ಬೆಲೆಗೆ ಮಾತ್ರ ವೈಜನಾಥರ ಒಪ್ಪಿಗೆ ಬೇಕಿತ್ತು.

“ದೊಡ್ಡವರಿಗೆ ಒಂಬೈನೂರರ ಪೆಟ್ಟಿಗಿ ಮಾಡ್ತೀನ್ರಿ. ದಿಲ್‌ಸುಖ್‌ನಗರದಾಗ ಕೋಚಿಂಗ್ ಹುಡುಗೂರಿಗೆ ಇನ್ನೂರರ ಸಣ್ಣ ಪೆಟ್ಟಿಗಿ. ಸಾವಿರಗಟ್ಟಲೆ ಹೋಗ್ತಾವು. ಬೇಕಂದ್ರ ನಿಮ್ಮ ಪಾಲು ದುಪ್ಪಟ್ಟು ಮಾಡ್ತೀನಿ.”

“ಸಣ್ಣ ಪೆಟ್ಟಿಗಿ ಬ್ಯಾಡ.”

“ಐದು ಸಾವಿರ ಇಟ್ರ ಐವತ್ತು ಮಂದೀನೂ ತಗೊಳ್ಳಂಗಿಲ್ಲ. ನಿಮಗೂ ಏನೂ ಉಳಿಯಂಗಿಲ್ಲ.”

“ಉಳೀಲಿಲ್ಲಂದ್ರ ಬಿಡ್ರಿ.”

ಚೌಕಾಸಿಯ ಹಳೆಯ ಪಟ್ಟು ಎಂದುಕೊಂಡ ಉಪೇಂದ್ರ. ದನಿ ತಗ್ಗಿಸಿದ. “ಹನ್ನೊಂದನೇ ವರ್ಷಕ್ಕ ನಾ ಈ ಆಟ ಹಿಡಿದೆ ಸರ್. ಸಾಲಿ ತಪ್ಪಿಸಿ ಆಡೀನಿ.”

ವೈಜನಾಥ ಮೊದಲ ಬಾರಿ ಅವನ ಮುಖವನ್ನು ನೇರವಾಗಿ ನೋಡಿದರು.

“ಆಡಿ ಏನಾದ್ರಿ?”

“ಎಂಜಿನಿಯರ್.”

“ನಿಮ್ಮ ತಾಯಿ ಪುಣ್ಯಾ ಮಾಡ್ಯಾರ.”

ವ್ಯಂಗ್ಯವೋ ಏನೋ ಉಪೇಂದ್ರನಿಗೆ ತಿಳಿಯಲಿಲ್ಲ. ಅವನಿಗೆ ಸಾಕಾಗಿತ್ತು. ಹಾಳೆಯ ಮೇಲೆ ಐದು ಸಾವಿರ ಎಂದು ಬರೆದ. ವೈಜನಾಥ ಸಹಿ ಹಾಕಿದರು, ಗೋಡೆ ಹಿಡಿದು ಎದ್ದರು, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಅವರ ಹೆಂಡತಿ ಸುಂದರಾಬಾಯಿ ಚಹಾದ ಕಪ್ಪು ಎತ್ತಲು ಬಂದರು. ಉಪೇಂದ್ರನ ಸಿಟ್ಟು ಅವರ ಮುಂದೆ ಹೊರಬಿತ್ತು. “ಮಂದಿ ಆಡ್ಲಿ ಅಂತ ಮಾಡಿದ ಆಟ ಅಲ್ಲೇನ್ರಿ ಅಮ್ಮಾರ? ಇಷ್ಟ್ಯಾಕ ಹಟ ಇವರಿಗೆ?”

ಸುಂದರಾಬಾಯಿ ಕಪ್ಪನ್ನು ಕೆಳಗಿಟ್ಟರು. ಮುಚ್ಚಿದ ಬಾಗಿಲಿನತ್ತ ನೋಡಿದರು.

“ನಮ್ಮ ಮಗ ಚನ್ನೂಗೂ ಸಣ್ಣಾಂವ ಇದ್ದಾಗಿಂದ ಇದರದ್ದ ಹುಚ್ಚರಿ. ಮೂರು ವರ್ಷದ ಹಿಂದ ಕಾರ್ಗಿಲ್‌ನಿಂದ ಕಡೀ ಪತ್ರ ಬರೆದಿದ್ದ: ‘ಅಪ್ಪಾ, ಕಾಳಜಿ ಮಾಡಬ್ಯಾಡ, ನಾಳೆ ನಾವು ಹತ್ತಬೇಕಾದ ಗುಡ್ಡ ನಿನ್ನ ಆಟದಾಗ ಇದ್ದಂಗ ಐತಿ.’”